ನೆನಪು ಸಾಲದ ಯಂತ್ರಕ್ಕೆ ಪೆಟ್ಟಿಗೆ ಕಟ್ಟಿದ ವರದಾಬಾಯಿ

ಬಸವಕುಮಾರ ಹುನ್ನೂರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಶಾಲೆಗಳಲ್ಲಿ ಕಂಪ್ಯೂಟರೆಂಬುದು ಬೀಗ ಹಾಕಿದ ಕೋಣೆಯಲ್ಲಿ ಅರಿಷಿಣ-ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದ ಕಾಲದಲ್ಲಿ, ಅದನ್ನು ಮಕ್ಕಳ ಕೈಗೆ ಕೊಟ್ಟ ಮೊದಲಿಗರಲ್ಲಿ ಶ್ರೀಮತಿ ವರದಾಬಾಯಿ ಇನಾಮದಾರ ಅವರೂ ಒಬ್ಬರು. ವಿಜ್ಞಾನ ಶಿಕ್ಷಕಿಯಾಗಿ ಬನಹಟ್ಟಿಯ ನಮ್ಮ ಪ್ರೌಢಶಾಲೆಗೆ ಬಂದು, ಇಲ್ಲಿಯೇ ನಿವೃತ್ತರಾದ ಈ ಹಿರಿಯ ಸಹೋದ್ಯೋಗಿಯ ಕುರಿತು ‘ಒಂದಿಷ್ಟು ಸವಿನೆನಪು’ ಬರೆದುಕೊಡಬೇಕೆಂದು ಅಭಿನಂದನ ಸಂಪುಟದ ಸಮಿತಿಯವರು ಗಣಿತದ ಮೇಷ್ಟ್ರಾದ ನನ್ನನ್ನು ಕೇಳಿದ್ದಾರೆ. ಸವಿಯಾದವು ಬಹಳ ಇವೆ. ಕಹಿಯಾದದ್ದೂ ಒಂದಿದೆ. ಅದನ್ನು ಬಿಟ್ಟು ಬರೆದರೆ ಅವರನ್ನು ಗೌರವಿಸಿದಂತಾಗದು, ಆದ್ದರಿಂದ ಬಿಡುವುದಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ದಾನಿಯೊಬ್ಬರು ಶಾಲೆಗೆ ಕೆಲವು ಮನೆಬಳಕೆಯ ಕಂಪ್ಯೂಟರುಗಳನ್ನು ಕೊಟ್ಟರು. ಕೀಲಿಮಣೆಯ ಹೊಟ್ಟೆಯಲ್ಲೇ ಇಡೀ ಯಂತ್ರ. ತೆರೆಗೆ ಹಳೆಯ ಟಿ.ವಿ., ಪ್ರೋಗ್ರಾಮು ತುಂಬಲು ಟೇಪ್ ರೆಕಾರ್ಡರ್. ಪವರ್‌ಲೂಮ್ ಕಾರ್ಮಿಕರೊಬ್ಬರ ಮಗಳು ಗುರುಬಸವ್ವ ಅದರ ಮುಂದೆ ಕುಳಿತು ಸೀರೆಯ ಅಂಚಿನ ನಕ್ಷೆ ಬಿಡಿಸತೊಡಗಿದಳು. ಅರ್ಧ ಬಳ್ಳಿ ಮೂಡುವಷ್ಟರಲ್ಲಿ ಯಂತ್ರ ನಿಂತಿತು, ಬಿಡಿಸಿದ್ದೆಲ್ಲ ಅಳಿಸಿಹೋಯಿತು.

“ಬಾಯಾರ, ಇದಕ್ಕ ನೆನಪ ಸಾಲಂಗಿಲ್ರಿ,” ಎಂದಳು ಹುಡುಗಿ, ಅಳುಮೋರೆಯಲ್ಲಿ.

“ಸಾಲದಿದ್ರ ಕೂಡಿಸೋಣಂತ. ಅದಕ್ಯಾಕ ಅಳ್ತೀ?” ಎಂದರು ವರದಾಬಾಯಿಯವರು.

ಇಂಥ ಯಂತ್ರಗಳ ಬೆನ್ನಿಗೆ ಸಿಕ್ಕಿಸಿ ಮೆಮೊರಿ ಹೆಚ್ಚಿಸುವ ಪೆಟ್ಟಿಗೆಗಳನ್ನು ಪರದೇಶಗಳಲ್ಲಿ ಬೇರೆ ಕಂಪನಿಗಳು ಮಾಡಿ ಮಾರುತ್ತಿದ್ದವು. ನಮ್ಮ ಭಾಗಕ್ಕೆ ಅವು ಬರುವ ಮಾತೇ ಇರಲಿಲ್ಲ. ಹಳೆಯ ಪತ್ರಿಕೆಯೊಂದರಲ್ಲಿದ್ದ ಸರ್ಕಿಟ್‌ ಚಿತ್ರವನ್ನು ಹಿಡಿದು, ವರದಾಬಾಯಿಯವರು ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಜಮಖಂಡಿಗೆ ಹೋಗಿ, ರೇಡಿಯೊ ರಿಪೇರಿಯ ಗಂಗಾರಾಮರ ಅಂಗಡಿಯಲ್ಲಿ ಕುಳಿತು ಬೆಸುಗೆ ಹಾಕುವುದನ್ನು ಕಲಿತರು. ಮಗ್ಗದ ಬಿಡಿಭಾಗ ಮಾಡುವವರು ತಗಡು ಬಾಗಿಸಿ ಪೆಟ್ಟಿಗೆ ಮಾಡಿಕೊಟ್ಟರು. ಮೊದಲನೆಯದು ಹೊಗೆ ಕಾರಿ ಸುಟ್ಟುಹೋಯಿತು. ಶಿಕ್ಷಕರ ಕೋಣೆಯಲ್ಲಿ ನಕ್ಕವರಲ್ಲಿ ಈಗ ಈ ಸಂಪುಟಕ್ಕೆ ಲೇಖನ ಬರೆದವರೂ ಇದ್ದಾರೆ. ಮುಂದಿನ ಪೆಟ್ಟಿಗೆ ಕೆಲಸ ಮಾಡಿತು. ವರ್ಷದೊಳಗೆ ಅದಕ್ಕೆ ಪ್ರಿಂಟರನ್ನೂ ಜೋಡಿಸಿದರು. ಗುರುಬಸವ್ವಳ ಅಂಚು ಚೌಕುಳಿ ಚೌಕುಳಿಯಾಗಿ ಕಾಗದದ ಮೇಲೆ ಇಳಿಯಿತು, ಅವಳ ತಂದೆ ಅದನ್ನು ಮಾಲೀಕರಿಗೆ ತೋರಿಸಿದರು, ಸೀರೆಯೂ ನೇಯ್ದು ಬಂತು. ಇಂದು ಬನಹಟ್ಟಿಯ ಎಷ್ಟೋ ಮಗ್ಗಗಳಿಗೆ ನಕ್ಷೆ ಬಿಡಿಸಿಕೊಡುವ ಗುರುಬಸವ್ವನವರು ಆ ಹುಡುಗಿಯೇ.

ನನ್ನ ಮೇಲಿನ ಉಪಕಾರವನ್ನೂ ಹೇಳಬೇಕು. ನನ್ನ ಹೆಂಡತಿ ರಾಜಶ್ರೀ ಮುಧೋಳದ ಆಸ್ಪತ್ರೆಯಲ್ಲಿದ್ದಾಗ, ನಾನು ಕೇಳುವ ಮೊದಲೇ ನನ್ನ ತರಗತಿಗಳನ್ನು ತಾವು ತೆಗೆದುಕೊಂಡು, ನಾನು ಮರಳಿದ ಮೇಲೆ, “ನಿಮ್ಮ ಹುಡುಗರ ತ್ರಿಕೋನಮಿತಿ ಕೆಡಿಸಿಟ್ಟೇನಿ, ಸರಿ ಮಾಡ್ಕೊಳ್ರಿ ಸರ,” ಎಂದು ನಕ್ಕವರು ಅವರು.

ಹೊಸ ಕಂಪ್ಯೂಟರುಗಳು ಬಂದ ಮೇಲೂ ಹಳೆಯವನ್ನು ಹಿಂದಿನ ಕೋಣೆಯಲ್ಲಿ ನಡೆಸಿಕೊಂಡು ಬಂದರು. “ಹೊಸಾದನ್ನ ಬಿಚ್ಚಿದ್ರ ಹುಡುಗ್ರಿಗೆ ಏನೂ ತಿಳಿಯೂದಿಲ್ಲ. ಇದರಾಗ ಎಲ್ಲಾ ಕಣ್ಣಿಗೆ ಕಾಣ್ತದ,” ಎನ್ನುವುದು ಅವರ ವಾದ. ಹಳೆಯ ಯಂತ್ರಗಳಿಗೆ ಮತ್ತೆ ಜೀವ ಕೊಡುವ ಹವ್ಯಾಸಿಗಳು ಈಚೆಗೆ ಪುಣೆ, ಹೈದರಾಬಾದಿನಿಂದ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಶಾಲೆ ನಡೆಸುವ ಸಂಸ್ಥೆಯ ಕಣ್ಣಿಗೆ ಮಾತ್ರ ಆ ಕೋಣೆ ಅಡಗೂಲಜ್ಜಿಯ ಗಂಟಾಗಿತ್ತು.

ಹೋದ ವರ್ಷ ವರದಾಬಾಯಿಯವರು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದಾಗ, ಸಂಸ್ಥೆಯವರು ಒಂದು ಮಾತು ಕೇಳದೆ, ಒಂದು ಫೋನೂ ಮಾಡದೆ, ಆ ಕೋಣೆಯನ್ನು ಬರಿದು ಮಾಡಿ ಎಲ್ಲವನ್ನೂ ಗುಜರಿಗೆ ಹಾಕಿದರು. ಮರಳಿ ಬಂದ ಬಾಯಿಯವರು ಖಾಲಿ ಗೋಡೆಗಳನ್ನು ನೋಡಿ ನಿಂತೇಬಿಟ್ಟರು. ಮುಖ್ಯಾಧ್ಯಾಪಕರು, “ಹಳೇ ಸಾಮಾನಲ್ರಿ ಬಾಯಾರ,” ಎಂದರು. ವಿದ್ಯೆಯ ಮನೆಯಲ್ಲಿ ಆಡುವ ಮಾತೇ ಇದು?

ಬಾಯಿಯವರೂ ನಾನೂ ಆಟೋ ಹಿಡಿದು ತೇರದಾಳ ರಸ್ತೆಯ ಗುಜರಿಗೆ ಹೋದೆವು. ತಾಮ್ರಕ್ಕಾಗಿ ಬಹುತೇಕ ಎಲ್ಲವನ್ನೂ ಒಡೆದಾಗಿತ್ತು. ಅಂಗಡಿಯ ಅನಸವ್ವ ದಿಗಿಲುಬಿದ್ದು, “ನಿಮ್ಮವು ಅಂತ ನನಗ ಹ್ಯಾಂಗ ಗೊತ್ತಾಗ್ಬೇಕರೀ ಯವ್ವಾ? ಸಾಲ್ಯಾವ್ರ ಗಾಡಿ ತುಂಬಿ ಕಳಿಸಿದ್ರು,” ಎಂದಳು. ರಾಶಿಯನ್ನು ತಾನೇ ಕೆದಕಿ, ಒಡೆಯದೆ ಉಳಿದಿದ್ದ ಒಂದು ಕಂಪ್ಯೂಟರನ್ನೂ ಒಂದು ಪೆಟ್ಟಿಗೆಯನ್ನೂ ಸೆರಗಿನಿಂದ ಒರೆಸಿ ಕೊಟ್ಟಳು. ವರದಾಬಾಯಿಯವರು ಕಣ್ಣೊರೆಸಿಕೊಂಡು, “ಒಡದವರ ಮ್ಯಾಲ ನನಗ ಸಿಟ್ಟಿಲ್ಲವ್ವಾ. ಕಳಿಸಿದವರ ಮ್ಯಾಲ ಅದ,” ಎಂದರು.

ಕಥೆ ಅಲ್ಲಿಗೇ ಮುಗಿದಿದ್ದರೆ ಸಹಿಸಿಕೊಳ್ಳಬಹುದಿತ್ತು. ಪುಣೆಯ ಹವ್ಯಾಸಿಗಳು ಬಾಯಿಯವರನ್ನು ಸನ್ಮಾನಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಸಂಸ್ಥೆಯ ಅಧ್ಯಕ್ಷರು ಅವರ ಮನೆಗೆ ಬಂದರು. ಆಗ ನಾನೂ ಅಲ್ಲಿದ್ದೆ.

“ಬಾಯಾರ, ಆ ಪೆಟಗಿ ಸಂಸ್ಥಾದ್ದಲ್ಲರೀ? ಸುವರ್ಣ ಮಹೋತ್ಸವದ ಪ್ರದರ್ಶನಕ್ಕ ಕೊಟ್ಟಬಿಡ್ರಿ.”

“ಸಂಸ್ಥಾದ್ದನ್ನ ಸಂಸ್ಥಾ ಗುಜರಿಗೆ ಹಾಕೇದ. ಇದನ್ನ ನನಗ ಕೊಟ್ಟಾಕಿ ಅನಸವ್ವ. ನೋಡೂದಿದ್ರ ಇಲ್ಲೇ ನೋಡ್ರಿ. ಚಹಾ ಮಾಡ್ತೀನಿ.”

ಅಧ್ಯಕ್ಷರು ಚಹಾ ಕುಡಿಯದೆ ಎದ್ದು ಹೋದರು. ಅವರ ಶುಭಸಂದೇಶ ಈ ಸಂಪುಟದ ಆರಂಭದಲ್ಲಿಯೇ ಇದೆ. ‘ಪರಂಪರೆಯನ್ನು ಕಾಪಾಡಿದ ಗುರುಮಾತೆ’ ಎಂದು ಅದರಲ್ಲಿ ಕೊಂಡಾಡಿದ್ದಾರೆ. ಗುಜರಿಗೆ ಗಾಡಿ ಕಳುಹಿಸಿದ್ದು ಅವರದೇ ಅಪ್ಪಣೆ ಎಂಬುದು ಅದರಲ್ಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಇದನ್ನು ಅಚ್ಚು ಹಾಕದಿದ್ದರೆ ನನ್ನ ಹೆಸರನ್ನೂ ತೆಗೆಯಿರಿ ಎಂದು ಸಂಪಾದಕರಿಗೆ ಹೇಳಿದ್ದೇನೆ.

ಬಾಯಿಯವರ ಮನೆಯ ಪಡಸಾಲೆಯಲ್ಲಿ ಈಗ ಆ ಕಂಪ್ಯೂಟರು ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿದೆ. ಬಯಸಿ ಬಂದ ಮಕ್ಕಳಿಗೆಲ್ಲ ಅಲ್ಲಿ ಜಾಗವಿದೆ. ಬೀಳಗಿಯ ಶಾಲೆಯೊಂದಕ್ಕೆ ಹೊಸ ಪೆಟ್ಟಿಗೆಯೂ ತಯಾರಾಗುತ್ತಿದೆ. ವರದಾಬಾಯಿಯವರು ನೂರು ವರ್ಷ ಬಾಳಲಿ, ಅವರ ಕೈಯ ಬೆಸುಗೆ ಬಿಡದಿರಲಿ. ನಮ್ಮ ಸಂಸ್ಥೆ ಅವರ ಮುಂದೆ ನಿಂತು ತಪ್ಪಾಯಿತು ಎನ್ನುವ ದಿನವನ್ನೂ ಅವರು ಕಾಣಲಿ. ಅದಕ್ಕೆ ನೂರು ವರ್ಷ ಬೇಕಾಗದಿರಲಿ.