ಒಂದು ನಿಮಿಷದ ಎಣಿಕೆ

ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ನನ್ನ ಅನುಮಾನವೆಲ್ಲ ಮನುಷ್ಯರ ಮೇಲೆ. ಹಾಲು ತೆಳ್ಳಗಿದ್ದರೆ ಹಾಲಿನವನ ಮೇಲೆ, ಪೆನ್ನು ಕಾಣದಿದ್ದರೆ ಪಕ್ಕದವಳ ಮೇಲೆ. ಈಗ ಹೇಳಹೊರಟಿರುವ ಸಂಗತಿಯಲ್ಲೂ ಮೊದಲು ಮನುಷ್ಯರನ್ನೇ ಅನುಮಾನಿಸಿದೆ. ಅದರಿಂದ ಏನೂ ಬಗೆಹರಿಯಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಹೆರಿಗೆ ನರ್ಸ್ ತರಬೇತಿಗೆ ಸೇರಿದ್ದೆ. ಬಸುರಿಯ ಹೊಟ್ಟೆಯ ಮೇಲೆ ಕೊಳವೆಯಿಟ್ಟು, ಕಿವಿ ಹಚ್ಚಿ, ವಾಚು ನೋಡುತ್ತ ಕೂಸಿನ ಎದೆಬಡಿತ ಎಣಿಸುವುದು ನಮ್ಮ ಮೊದಲ ಪಾಠ. ನನಗೆ ಅದು ಸುತರಾಂ ಬರುತ್ತಿರಲಿಲ್ಲ. ಆ ವರ್ಷ ನಮ್ಮಲ್ಲಿಗೆ ಡಾಪ್ಲರ್ ಎಂಬ ಯಂತ್ರ ಬಂತು. ಹೊಟ್ಟೆಗೆ ತಾಗಿಸಿದರೆ ಸಾಕು, ಬಡಿತ ಕೋಣೆಗೆಲ್ಲ ಕೇಳುತ್ತಿತ್ತು. ಪಾಠ ಹೇಳುತ್ತಿದ್ದ ಸಿಸ್ಟರ್ ಅದನ್ನು ಬೀರುವಿನಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು.

ನಮ್ಮ ಅಭ್ಯಾಸಕ್ಕೆಂದು ಅವರೊಂದು ಉಪಾಯ ಮಾಡಿದರು. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಶಿಬಿರ ನಡೆದಾಗ ಪಾರ್ವತಿ ಎಂಬ ಎಂಟು ತಿಂಗಳ ಬಸುರಿಗೆ ಡಾಪ್ಲರ್ ಹಚ್ಚಿ, ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಆ ಬಡಿತವನ್ನು ಹಿಡಿದರು. ಕ್ಯಾಸೆಟ್ಟಿನಲ್ಲಿ ಮೊದಲು ಸಿಸ್ಟರ್ ದನಿ: "ಪಾರ್ವತಿ, ಕುಬಟೂರು. ಎಣಿಸಿ." ಆಮೇಲೆ ಸರಿಯಾಗಿ ಒಂದು ನಿಮಿಷ ಬಡಿತ. ಕೊನೆಗೆ "ಸಾಕು." ನಾವು ಎಷ್ಟು ಸಲ ಹಾಕಿ ಎಣಿಸಿದರೂ ನೂರಾ ನಲವತ್ತೆರಡು. ನೂರಾ ಇಪ್ಪತ್ತಕ್ಕಿಂತ ಇಳಿದರೆ ಕೂಸಿಗೆ ಅಪಾಯ ಎಂದು ಕಲಿಸಿದ್ದರು.

ಇಲ್ಲಿ ಒಂದು ತಪ್ಪೊಪ್ಪಿಗೆ. ಅದೇ ಶಿಬಿರದಲ್ಲಿ, ಡಾಪ್ಲರ್ ಹಚ್ಚುವ ಮೊದಲು, ನಾವೂ ಕೊಳವೆಯಿಟ್ಟು ಎಣಿಸಿ ಬರೆಯಬೇಕಿತ್ತು. ನನಗೆ ಪಾರ್ವತಿಯ ಹೊಟ್ಟೆ ಗುಡುಗುಡು ಎಂದದ್ದಷ್ಟೇ ಕೇಳಿಸಿತು. ಗೆಳತಿ ಶಬಾನಾಳ ಪುಸ್ತಕ ನೋಡಿ ನಕಲು ಮಾಡಿದೆ. ಸಿಸ್ಟರ್ "ಭೇಷ್" ಎಂದರು. ಪಾರ್ವತಿ ನನ್ನ ಕೈ ಹಿಡಿದು, "ಕೂಸು ಚಲೋ ಐತೇನ್ರಿ?" ಎಂದು ಕೇಳಿದಾಗ "ಹ್ಞೂಂ" ಎಂದೆ. ಆ "ಹ್ಞೂಂ" ನನ್ನನ್ನು ಚುಚ್ಚುತ್ತಲೇ ಇತ್ತು.

ಇಪ್ಪತ್ತು ದಿನಗಳ ನಂತರ ಒಂದು ಭಾನುವಾರ. ಮರುದಿನ ಎಣಿಕೆಯ ಪರೀಕ್ಷೆ. ಊಟಕ್ಕೆ ಮೊದಲು ಒಬ್ಬಳೇ ಕೂತು ಕ್ಯಾಸೆಟ್ ಹಾಕಿದೆ. ತೊಂಬತ್ತಾರು ಬಂತು. ಎಣಿಕೆ ತಪ್ಪಿತೆಂದು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ತೊಂಬತ್ತು. ಬಡಿತ ನಿಧಾನವಾಗಿದ್ದುದು ಎಣಿಸದೆಯೇ ತಿಳಿಯುತ್ತಿತ್ತು.

ಮೊದಲ ಅನುಮಾನ ಸೆಲ್ಲಿನ ಮೇಲೆ. ಸೆಲ್ ಇಳಿದರೆ ಟೇಪು ಎಳೆಯುತ್ತದೆ. ಆದರೆ ಸಿಸ್ಟರ್ ದನಿ ಎಂದಿನಂತೆಯೇ ಇತ್ತು. "ಎಣಿಸಿ"ಯಿಂದ "ಸಾಕು"ವರೆಗೆ ವಾಚಿನಲ್ಲಿ ನೋಡಿದೆ, ಅರವತ್ತೇ ಸೆಕೆಂಡು. ಎರಡನೆಯ ಅನುಮಾನ ಶಬಾನಾಳ ಮೇಲೆ. ಅವಳು ಎಂಥ ಕಿತಾಪತಿಗೂ ಸೈ. ಎಳೆದು ತಂದು ಕೂರಿಸಿ, "ಏನೇ ಮಾಡಿದೀಯ ಇದಕ್ಕೆ?" ಎಂದೆ. ಅವಳು ಕಣ್ಣರಳಿಸಿದಳು. ಕ್ಯಾಸೆಟ್ ಹಾಕಿದೆ. ಇಬ್ಬರೂ ಎಣಿಸಿದೆವು.

"ನೂರಾ ನಲವತ್ತೆರಡೇ ಐತಲ್ಲೇ," ಎಂದಳು. "ಪರೀಕ್ಷೆ ಭಯಕ್ಕೆ ತಲೆ ಕೆಟ್ಟೈತಿ ನಿಂಗೆ. ನಡಿ, ಉಣ್ಣು ನಡಿ."

ನನಗೆ ಬಂದದ್ದು ಎಂಬತ್ತೆಂಟು. ಹೇಳಲಿಲ್ಲ.

ಮೂರನೆಯ ಅನುಮಾನ ನನ್ನ ಮೇಲೆಯೇ. ನಕಲು ಮಾಡಿದ ಪಾಪವೇ ಕಿವಿಯಲ್ಲಿ ಕೂತು ಆಟವಾಡುತ್ತಿದೆ ಎಂದುಕೊಂಡೆ. ಹಾಗೆಂದುಕೊಳ್ಳುತ್ತಲೇ ಕೊಳವೆಯನ್ನು ಚೀಲಕ್ಕೆ ಹಾಕಿಕೊಂಡು, ಉಡುತಡಿಯ ನಮ್ಮ ಮನೆಗೆ ಹೋಗಿಬರುತ್ತೇನೆಂದು ವಾರ್ಡನ್‌ಗೆ ಸುಳ್ಳು ಹೇಳಿ, ಆನವಟ್ಟಿ ಬಸ್ಸು ಹತ್ತಿದೆ. ಕುಬಟೂರಿಗೆ ಅಲ್ಲಿಂದ ನಡೆದೆ.

ಪಾರ್ವತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತ ನಗುತ್ತಿದ್ದಳು. ನೋಡಿ ನಾಚಿಕೆಯಾಯಿತು. "ಸಿಸ್ಟರ್ ಕಳಿಸಿದ್ರು, ಒಂದ್ಸಲ ನೋಡ್ಕೊಂಡು ಬಾ ಅಂದ್ರು," ಎಂದು ಇನ್ನೊಂದು ಸುಳ್ಳು ಹೇಳಿದೆ. ಕೂಸು ಆಡುತ್ತಿದೆಯೇ ಎಂದು ಕೇಳಿದೆ.

"ನಿನ್ನೆಯಿಂದ ಸುಮ್ನೈತ್ರಿ," ಎಂದಳು.

"ದಿನ ತುಂಬ್ತಲ್ರಿ, ಒದ್ಯಾಕೆ ಒಳಗ ಜಾಗ ಎಲ್ಲೈತಿ?" ಎಂದರು ಪಾರ್ವತಿಯ ಅತ್ತೆ.

ಒಳಗೆ ಮಲಗಿಸಿ ಕೊಳವೆಯಿಟ್ಟೆ. ಅದೇ ಮೊದಲ ಸಲ ನನಗೆ ಕೊಳವೆಯಲ್ಲಿ ಬಡಿತ ಸ್ಪಷ್ಟವಾಗಿ ಕೇಳಿಸಿತು. ವಾಚು ನೋಡುತ್ತ ಎಣಿಸಿದೆ. ಎಂಬತ್ತೆಂಟು. ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದೆ.

"ನೋವೇ ಇಲ್ಲ, ಆಸ್ಪತ್ರೆ ಯಾಕ್ರಿ?" ಎಂದು ಅತ್ತೆ ಹಟ ಹಿಡಿದರು. ನನಗೆ ಸಿಟ್ಟು ಬಂತು, ಅಳುವೂ ಬಂತು. "ಕೂಸು ಹೋದ್ರೆ ನೀವು ಉತ್ತರ ಕೊಡ್ತೀರೇನ್ರಿ?" ಎಂದು ಕೂಗಾಡಿದೆ. ಪಾರ್ವತಿಯ ಗಂಡ ಆನವಟ್ಟಿಗೆ ಸೈಕಲ್ ತುಳಿದು ಬಾಡಿಗೆ ಜೀಪು ತಂದ. ಸೊರಬ ತಲುಪುವವರೆಗೂ ಆ ಹೆಣ್ಣುಮಗಳು ನನ್ನ ಕೈ ಬಿಡಲಿಲ್ಲ. ಡಾಕ್ಟರು ಪರೀಕ್ಷಿಸಿದವರೇ ಆಪರೇಷನ್‌ಗೆ ಒಯ್ದರು. ಹೊಕ್ಕುಳ ಬಳ್ಳಿ ಕೂಸಿನ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತಂತೆ. ಹೆಣ್ಣು ಕೂಸು. ತುಸು ತಡವಾಗಿಯಾದರೂ ಅತ್ತಿತು. ಹೊರಗೆ ಬೆಂಚಿನ ಮೇಲೆ ಕೂತು ನಾನೂ ಅತ್ತೆ.

ವಾರದ ಮೇಲೆ ಪಾರ್ವತಿಯ ಗಂಡ ಬಾಳೆಗೊನೆ ಹೊತ್ತು ತರಬೇತಿ ಕೇಂದ್ರಕ್ಕೆ ಬಂದ. "ನೀವು ಇವ್ರನ್ನ ಕಳಿಸಿದ್ದಕ್ಕ ನನ್ನ ಮಗಳು ಉಳಿದ್ಲು ತಾಯಿ," ಎಂದು ಸಿಸ್ಟರಿಗೆ ಕೈಮುಗಿದ. ಸಿಸ್ಟರ್ ನನ್ನ ಮುಖ ನೋಡಿದರು. ಅವನು ಹೋದ ಮೇಲೆ ಒಳಗೆ ಕರೆದರು. ನಕಲು ಮಾಡಿದ್ದನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕ್ಯಾಸೆಟ್ ಹಾಕಿದರು. ನಾನು ಕಿವಿ ಮುಚ್ಚಿಕೊಂಡೆ; ನಿಜ ಹೇಳುತ್ತೇನೆ, ಕೇಳುವ ಧೈರ್ಯವಿರಲಿಲ್ಲ. ಅವರು ವಾಚು ನೋಡುತ್ತ ಎಣಿಸಿ, ಪುಸ್ತಕದಲ್ಲಿ ಏನೋ ಬರೆದು, ಮುಚ್ಚಿದರು.

"ಇನ್ನು ಎಣಿಸದೆ ಬರೀಬೇಡ," ಎಂದಷ್ಟೇ ಹೇಳಿದರು.

ಅಂದಿನಿಂದ ಎಣಿಸದೆ ಬರೆದಿಲ್ಲ. ಶಬಾನಾ ಇಂದಿಗೂ ನೂರಾ ನಲವತ್ತೆರಡು ಎಂದೇ ಆಣೆ ಮಾಡುತ್ತಾಳೆ. ಅವಳು ಸುಳ್ಳಾಡುವವಳಲ್ಲ. ಸಿಸ್ಟರಿಗೂ ಅಷ್ಟೇ ಬಂದಿತ್ತೆಂದು, ಎಲ್ಲ ನನ್ನ ಕಿವಿಯ ಭ್ರಮೆಯೆಂದು ನಂಬಿ ನೆಮ್ಮದಿಯಾಗಿರಬಹುದಿತ್ತು. ಆದರೆ ಆ ದಿನ ಅವರು ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿನಿಂದ ತೆಗೆದು ಡಾಪ್ಲರಿನ ಬೀರುವಿನೊಳಗೆ, ಎಲ್ಲಕ್ಕಿಂತ ಹಿಂದೆ ಇಟ್ಟು, ಬೀಗ ಹಾಕಿ, ಎರಡು ಸಲ ಎಳೆದು ನೋಡಿದರು. ನಮ್ಮ ತರಬೇತಿ ಮುಗಿಯುವವರೆಗೂ ಅದನ್ನು ಹೊರಗೆ ತೆಗೆಯಲಿಲ್ಲ. ನೂರಾ ನಲವತ್ತೆರಡೇ ಬಂದಿದ್ದರೆ ಯಾಕೆ?