ಬಿಬಿಜಾನ ತವೆಯ ಮೇಲಿಟ್ಟ ಕಾಯಿಲ್

ಉಣಕಲ್ಲಿನ ಮಕಬೂಲಸಾಬನ ಅಂಗಡಿಗೆ ಬರುವ ಮರ ಕೊಯ್ಯುವ ಮಶೀನುಗಳು ಅಂಗಡಿಯಲ್ಲಿ ರಿಪೇರಿಯಾಗುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಸಣ್ಣ ಸ್ಕ್ರೂ ಕಾಣದಂತಾದ ಮೇಲೆ ಅವನು ಗಿರಾಕಿಗಳೊಡನೆ ಮಾತಾಡಿ ಮಶೀನನ್ನು ಅಂಗಡಿಯ ಹಿಂದಿರುವ ಮನೆಯೊಳಗೆ ಇಟ್ಟು ಬರುತ್ತಿದ್ದ. ಅಡುಗೆಮನೆಯ ಹೊಸ್ತಿಲ ಬಳಿ ಕೂತು ಬಿಚ್ಚುವವಳು ಹೆಂಡತಿ ಬಿಬಿಜಾನ. ಅನ್ನಕ್ಕಿಟ್ಟು ಪ್ಲಗ್ ವೈರ್ ಬದಲಿಸುವುದು, ಹಿಟ್ಟು ನಾದಿಟ್ಟು ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕೂರಿಸುವುದು. ಕಾಯಿಲಿಗೂ ಅದರೆದುರು ತಿರುಗುವ ಆಯಸ್ಕಾಂತದ ಚಕ್ರಕ್ಕೂ ನಡುವೆ ಒಂದಿಷ್ಟೇ ಸಂದು ಇರಬೇಕು. ಅವಳು ಅಲ್ಲಿ ಹಳೆಯ ಲಗ್ನಪತ್ರಿಕೆಯ ತುಂಡು ಸಿಕ್ಕಿಸಿ, ಸ್ಕ್ರೂ ಬಿಗಿದು, ತುಂಡನ್ನು ಎಳೆದುಬಿಡುತ್ತಿದ್ದಳು. ಮೂರು ವರ್ಷ ಹೀಗೇ ನಡೆದಿತ್ತು. ಕೇಳಿದವರಿಗೆ ಮಕಬೂಲಸಾಬ, ಒಳಗೊಬ್ಬ ಮಿಸ್ತ್ರಿ ಇದ್ದಾನೆ ಅನ್ನುತ್ತಿದ್ದ.

ಅಮ್ಮಿನಬಾವಿಯ ಮರ ಕಡಿಯುವ ದ್ಯಾಮಣ್ಣ ಒಂದೇ ಮಶೀನನ್ನು ಮೂರನೆಯ ಸಲ ತಂದ. ಕಾಲು ತಾಸು ಕೊಯ್ದರೆ ಬಂದಾಗುತ್ತದೆ, ಆರಿದ ಮೇಲೆ ಮತ್ತೆ ಚಾಲೂ. ಮೊದಲ ಸಲ ಹೊಸ ಪ್ಲಗ್ ಹಾಕಿದ್ದಾಯಿತು, ಎರಡನೆಯ ಸಲ ವೈರ್. ಆಗಲೇ ಬಿಬಿಜಾನ ಕಾಯಿಲ್ ಹೋಗಿದೆ ಅಂದಿದ್ದಳು. ಆದರೆ ಮಕಬೂಲಸಾಬ ತಾನೇ ಮಶೀನು ಚಾಲೂ ಮಾಡುವ ಹಗ್ಗ ಎಳೆದು, ಕಿಡಿ ನೋಡಿ, ಕಾಯಿಲ್ ಗಟ್ಟಿ ಇದೆ ಎಂದು ಗಿರಾಕಿಗೆ ಹೇಳಿಯಾಗಿತ್ತು. ಹೇಳಿದ್ದನ್ನು ತಿರುಗಿಸಲು ಅವನಿಗೆ ಮನಸ್ಸಿಲ್ಲ. ಈ ಸಲ ತಪ್ಪನ್ನು ಪೆಟ್ರೋಲಿನ ಮೇಲೆ ಹಾಕಿದ.

"ಎರಡು ಬಂಕಿನ ಪೆಟ್ರೋಲ್ ಹಾಕಿ ನೋಡೇನ್ರಿ ಸಾಬರ," ಅಂದ ದ್ಯಾಮಣ್ಣ. "ಅರ್ಧ ಕೊಯ್ದ ಹುಣಸಿಮರ ದಾರಿ ಮ್ಯಾಲ ವಾಲೇತಿ. ನಿಮ್ಮ ಮಿಸ್ತ್ರಿ ಕೈಲೆ ಆಗೂದಿಲ್ಲಂದ್ರ ಹೇಳಿಬಿಡ್ರಿ. ನಮ್ಮೂರ ಮಶೀನೆಲ್ಲಾ ಬ್ಯಾರೆ ಕಡೆ ಒಯ್ತೀವಿ."

ಒಳಗೆ ಬಿಬಿಜಾನ ಚಪಾತಿ ಬೇಯಿಸುತ್ತಿದ್ದಳು. ಆ ಮಶೀನುಗಳು ಹೋದರೆ ಅವಳ ಕೈಗೆ ಉಳಿಯುವುದು ಲಟ್ಟಣಿಗೆ ಒಂದೇ. ಗ್ಯಾಸ್ ಆರಿಸಿದಳು. ಹೊರಗೆ ಬಂದು, ಯಾರನ್ನೂ ಕೇಳದೆ ಮಶೀನು ಬಿಚ್ಚಿ, ಕಾಯಿಲನ್ನು ಒಳಗೊಯ್ದು ಬಿಸಿ ತವೆಯ ಮೇಲಿಟ್ಟಳು. ಕಾದ ಮೇಲೆ ಬಟ್ಟೆಯಲ್ಲಿ ಹಿಡಿದು ತಂದು ಕೂರಿಸಿದಳು. ಪ್ಲಗ್ಗನ್ನು ಇಂಜಿನ್ನಿಗೆ ತಾಗಿಸಿ ಹಿಡಿದು ಹಗ್ಗ ಎಳೆದಳು. ಕಿಡಿ ಬರಲಿಲ್ಲ. ಫ್ಯಾನಿನ ಕೆಳಗೆ ಆರಲು ಬಿಟ್ಟು ಮತ್ತೆ ಎಳೆದಳು. ನೀಲಿ ಕಿಡಿ ಚಟ್ ಎಂದಿತು.

"ತಣ್ಣಗಿದ್ದಾಗ ನೋಡಿದ್ರ ಕಾಯಿಲ್ ಛಲೋನ ಕಾಣತೈತ್ರಿ ಅಣ್ಣಾರ. ಕಾದಾಗ ನೋಡಬೇಕು."

ದ್ಯಾಮಣ್ಣ ಮಕಬೂಲಸಾಬನ ಕಡೆ ತಿರುಗಿದ. "ಮತ್ತ ನಿಮ್ಮ ಮಿಸ್ತ್ರಿ ಎಲ್ಲದಾನ್ರಿ?"

"ಮಿಸ್ತ್ರಿ ಯಾರೂ ಇಲ್ರಿ," ಅಂದಳು ಬಿಬಿಜಾನ. "ನಾನ ಮಾಡಾಕಿ."

ದ್ಯಾಮಣ್ಣ ಅವಳ ಹಿಟ್ಟು ಮೆತ್ತಿದ ಬೆರಳುಗಳನ್ನು ನೋಡಿದ. "ಹಂಗಾದ್ರ ಮೂರು ಸಲ ಇವರ ಕೂಡ ಯಾಕ ತಲಿ ಕೆಡಿಸಿಕೊಂಡ್ನಿ? ಹೊಸಾದು ಹಾಕ್ರಿ ಅಕ್ಕಾರ. ಇಲ್ಲೇ ಕುಂದರತೀನಿ."

ಅವಳು ರೂಢಿಯಂತೆ ಮಶೀನು ಎತ್ತಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು. ತಿರುಗಿ ಬಂದು ಗಂಡನ ಸ್ಟೂಲಿನ ಮೇಲೆ ಕೂತಳು. ಹೊಸ ಕಾಯಿಲಿನ ಡಬ್ಬಿ ಕೊಡಲು ಹೇಳಿದಳು. ಅವನು ಕೊಟ್ಟು ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಂತ, ಆಮೇಲೆ ಒಳಗೆ ಹೋದ. ಬೇಳೆ ಇನ್ನೂ ಒಲೆಗೆ ಏರಿರಲಿಲ್ಲ. ಕುಕ್ಕರ್ ಎಷ್ಟು ಸೀಟಿ ಹೊಡೆಯಬೇಕು ಎಂದು ಅಲ್ಲಿಂದಲೇ ಕೇಳಿದ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಕೇಳಿದ ಪ್ರಶ್ನೆ.

ನಾಲ್ಕು ಎಂದಳು ಬಿಬಿಜಾನ, ಸ್ಕ್ರೂದಿಂದ ಕಣ್ಣು ತೆಗೆಯದೆ.