ಎರಡನೆಯ ಸಲದ ಪ್ರಾರ್ಥನೆ

ಧಾರವಾಡದ ಆಂಟಿಯೊಬ್ಬರು ನ್ಯೂಜಿಲೆಂಡಿನ ಒನೆಹುಂಗಾದ ಚರ್ಚಿನಲ್ಲಿ ಹಾಡಲು ನಿಲ್ಲುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಚರ್ಚಿನ ಗಾಯನವೃಂದವಾದ ಕಾಯರ್‌ನಲ್ಲಿ ಅವರ ಜಾಗ ನನ್ನ ಪಕ್ಕ. ಯಾರಾದರೂ ನಕ್ಕರೆ, "ದೇವರ ಮುಂದ ಹಾಡೂದು ಅಂದಮ್ಯಾಲ ಮುಗೀತವಾ" ಎನ್ನುತ್ತಿದ್ದರು. ಯಾವ ದೇವರು ಎಂದು ವಿಂಗಡಿಸುತ್ತಿರಲಿಲ್ಲ.

ಆ ವರ್ಷ ಗುಡ್ ಫ್ರೈಡೆಗೆ ಸುಮಾರು ಮುನ್ನೂರು ವರ್ಷ ಹಿಂದಿನ ಬರೋಕ್ ಕಾಲದ ಜರ್ಮನ್ ಪ್ರಾರ್ಥನೆಯೊಂದನ್ನು ಕಲಿಯುತ್ತಿದ್ದೆವು. ಆಂಟಿಯದು ಹಿಂದೂಸ್ತಾನಿ ಕಲಿತ ಗಂಟಲು. ಉದ್ದದ ಸ್ವರ ಬಂದರೆ ತಾನಾಗಿ ತೂಗುತ್ತಿತ್ತು. "ನೇರವಾಗಿ ಹಾಡಿ, ಆಗದಿದ್ದರೆ ಈ ಸಲ ಬೇಡ" ಎಂದರು ಕಾಯರ್‌ನ ನಿರ್ದೇಶಕರು. ಮುಂದಿನ ವಾರ ಆಂಟಿಯೊಬ್ಬರನ್ನೇ ಹಾಡಿಸಿ ನೋಡಿದರು. ಆಂಟಿ ಗೆರೆ ಎಳೆದ ಹಾಗೆ ಹಾಡಿದರು. ಆದರೆ ಹಾಡು ಮತ್ತೆ ಮೊದಲಿಗೆ ಮರಳುವಲ್ಲಿ ನಿಂತುಬಿಟ್ಟರು.

"ಹೇಳಿದ್ದನ್ನೇ ಮತ್ತೆ ಯಾಕೆ ಹೇಳಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಮೊದಲ ಸಲ ಅದು ಬರೆದವನ ಪ್ರಾರ್ಥನೆ, ಎರಡನೆಯ ಸಲ ಹಾಡುವವರದು. ಆಗಿನ ಗಾಯಕರು ಅಲ್ಲಿ ತಮ್ಮದೇ ಅಲಂಕಾರ ಸೇರಿಸುತ್ತಿದ್ದರು," ಎಂದರು ನಿರ್ದೇಶಕರು.

ಆಂಟಿ ನನ್ನತ್ತ ತಿರುಗಿದರು. "ಇದನ್ನ ಮೊದಲ ಹೇಳಲಿಕ್ಕೆ ಏನಾಗಿತ್ತವಾ ಇವರಿಗೆ?"

ಎರಡನೆಯ ಸಲ 'ಕರುಣಿಸು' ಎಂಬ ಅರ್ಥದ ಆ ಪದವನ್ನು ಅವರು ಬಿಡಲೇ ಇಲ್ಲ. ಏರಿದರು, ಜಾರಿದರು, ತಿರುಗಿ ಬಂದು ಇನ್ನೊಮ್ಮೆ ಬೇಡಿದರು. ಆರ್ಗನ್ ನುಡಿಸುವವರು ಅವರಿಗಾಗಿ ಕಾದರು. ಮುಗಿದ ಮೇಲೆ ನಿರ್ದೇಶಕರು, "ಇದನ್ನು ನೀವೊಬ್ಬರೇ ಹಾಡಬೇಕು" ಎಂದರು.

ಗುಡ್ ಫ್ರೈಡೆಯ ದಿನ ಹಾಗೆಯೇ ಹಾಡಿದರು. ಶೋಕದ ದಿನವಾದ್ದರಿಂದ ಅಂದು ಚಪ್ಪಾಳೆ ತಟ್ಟುವಂತಿಲ್ಲ. ಇಡೀ ಚರ್ಚು ಸದ್ದಿಲ್ಲದೆ ಎದ್ದು ನಿಂತಿತು. ಕೊನೆಯ ಸ್ವರವನ್ನು ಮಾತ್ರ ಅವರು ಒಂದಿಷ್ಟೂ ಅಲುಗದಂತೆ ಹಿಡಿದಿದ್ದರು. ಚಪ್ಪಲಿ ಮೆಟ್ಟುತ್ತ ನನ್ನ ಕಿವಿಯಲ್ಲಿ ಹೇಳಿದರು: "ಅದೊಂದು ಸ್ವರ ನಮ್ಮ ಡೈರೆಕ್ಟರ್ ಸರ್ ಅವರ ಪಾಲು."